ಕಲಾಕೃತಿಯ ಫೋಟೋ: ಎಲ್ಲಿ ನಿಂತು ತೆಗೆಯುತ್ತೇನೆ, ಹೇಗೆ ಹಂಚಿಕೊಳ್ಳುತ್ತೇನೆ

ಚಾರಿತ್ರಿಕ ನಗರಗಳಿಗೆ ಹೋದಾಗ ಪ್ರಸಿದ್ಧ ವರ್ಣಚಿತ್ರದ ಎದುರಿಗೆ ನೆಟ್ಟಗೆ ನಿಂತು, ಅಂಚಿಗೆ ಅಂಚು ಕೂಡಿಸಿ ಫೋಟೋ ತೆಗೆಯುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅಂಥ ಫೋಟೋ ನನ್ನಿಂದ ಯಾರಿಗೂ ಬೇಕಾಗಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಅದಕ್ಕೂ ಮುಂಚಿನಿಂದ, ತಮ್ಮ ಸಂಗ್ರಹದ ಹಳೆಯ ಕೃತಿಗಳ ಉತ್ಕೃಷ್ಟ ಚಿತ್ರಗಳನ್ನು ಯಾರು ಬೇಕಾದರೂ ಬಳಸಿಕೊಳ್ಳುವಂತೆ ಮುಕ್ತವಾಗಿ ಬಿಟ್ಟುಕೊಟ್ಟಿವೆ. ಸರಿಯಾದ ದೀಪ, ಸರಿಯಾದ ಉಪಕರಣಗಳೊಂದಿಗೆ ತೆಗೆದ ಆ ಚಿತ್ರಗಳ ಜೊತೆ, ಗುಂಪಿನ ನಡುವೆ ಕೈ ಮೇಲೆತ್ತಿ ತೆಗೆದ ನನ್ನ ಚಿತ್ರ ಸ್ಪರ್ಧಿಸಲಾರದು. ಆದರೆ ಕೃತಿ ಯಾವ ಗೋಡೆಯ ಮೇಲೆ ಎಷ್ಟು ಎತ್ತರದಲ್ಲಿದೆ, ಯಾವ ಕಿಟಕಿಯ ಬೆಳಕು ಅದರ ಮೇಲೆ ಬೀಳುತ್ತದೆ, ನೋಡುವವರು ಎಲ್ಲಿ ನಿಲ್ಲಬೇಕಾಗುತ್ತದೆ ಎಂಬುದನ್ನು ಅಂಥ ಚಿತ್ರಗಳು ಹೇಳುವುದಿಲ್ಲ. ಅಲ್ಲಿಗೆ ಹೋದವರು ಮಾತ್ರ ತೋರಿಸಬಲ್ಲ ಈ ಸಂಗತಿಗಳನ್ನೇ ನನ್ನ ಫೋಟೋಗಳಲ್ಲಿ ಹಿಡಿಯಲು ನೋಡುತ್ತೇನೆ.

ರೋಮ್ ನಗರದ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಚರ್ಚಿನಲ್ಲಿರುವ, ಇಟಲಿಯ ವರ್ಣಚಿತ್ರಕಾರ ಕಾರವಾಜ್ಜೋನ ಚಿತ್ರಗಳನ್ನೇ ತೆಗೆದುಕೊಳ್ಳಬಹುದು. ಸಂತ ಮ್ಯಾಥ್ಯೂನನ್ನು ಕ್ರಿಸ್ತನು ತನ್ನ ಶಿಷ್ಯನಾಗೆಂದು ಕರೆಯುವ ಪ್ರಸಂಗವನ್ನು ಅವನು ಚಿತ್ರಿಸಿದ್ದು 1599–1600ರ ಸುಮಾರಿಗೆ. ಪುಸ್ತಕಗಳಲ್ಲಿ ಈ ಚಿತ್ರ ಯಾವಾಗಲೂ ನೇರವಾಗಿ, ಸಮತಟ್ಟಾಗಿ ಕಾಣುತ್ತದೆ. ಚರ್ಚಿನಲ್ಲಾದರೋ ಅದು ಒಂದು ಕಿರಿದಾದ ಪೂಜಾಂಕಣದ ಎಡಗೋಡೆಯ ಮೇಲಿದೆ. ನಾವು ಅಡ್ಡಗಟ್ಟೆಯ ಹೊರಗೆ ನಿಂತು ಅದನ್ನು ಓರೆಯಾಗಿ ನೋಡಬೇಕು. ಚಿತ್ರದೊಳಗಿನ ಬೆಳಕು ಬಲಮೇಲಿನಿಂದ, ಕ್ರಿಸ್ತನ ಚಾಚಿದ ಕೈಯ ಮೇಲಿನಿಂದ ಹಾದು ಮೇಜಿನ ಸುತ್ತ ಕುಳಿತವರ ಮುಖಗಳ ಮೇಲೆ ಬೀಳುತ್ತದೆ. ಪೂಜಾವೇದಿಕೆಯ ಮೇಲ್ಗಡೆ ಇರುವ ನಿಜವಾದ ಕಿಟಕಿಯೂ ಅದೇ ಬಲಗಡೆಗೇ ಇದೆ. ಕಲಾವಿದ ಕಟ್ಟಡದ ಬೆಳಕನ್ನೇ ಚಿತ್ರದೊಳಕ್ಕೆ ಎಳೆದುಕೊಂಡಂತಿರುವ ಈ ಏರ್ಪಾಡು ಕಾಣಬೇಕಾದರೆ ಕಿಟಕಿ, ವೇದಿಕೆ, ಎಡಗೋಡೆ ಮೂರೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ನಾನು ಅಡ್ಡಗಟ್ಟೆಯ ಬಲತುದಿಯಲ್ಲಿ ನಿಂತು, ಅಗಲ ಕೋನದ ಲೆನ್ಸ್ ಹಾಕಿ ತೆಗೆಯುತ್ತೇನೆ. ಅಲ್ಲಿನ ಪೆಟ್ಟಿಗೆಗೆ ಯಾರಾದರೂ ನಾಣ್ಯ ಹಾಕಿದರೆ ಸ್ವಲ್ಪ ಹೊತ್ತು ವಿದ್ಯುದ್ದೀಪ ಉರಿಯುತ್ತದೆ, ಎಲ್ಲರೂ ಅವಸರದಲ್ಲಿ ಫೋಟೋ ತೆಗೆಯುತ್ತಾರೆ. ದೀಪ ಆರಿದ ಮೇಲಿನ ಮಬ್ಬಿನಲ್ಲೂ ಒಂದು ತೆಗೆದುಕೊಳ್ಳುವುದು ನನ್ನ ರೂಢಿ. ವಿದ್ಯುತ್ ಇಲ್ಲದ ಕಾಲದಲ್ಲಿ ಬಿಡಿಸಿದ ಚಿತ್ರ ಹಗಲಿನ ಬೆಳಕಿನಲ್ಲಿ ಹೇಗೆ ಕಾಣುತ್ತಿತ್ತು ಎಂಬುದರ ಸುಳಿವು ಅದರಲ್ಲಿ ಹೆಚ್ಚಾಗಿ ಸಿಗುತ್ತದೆ.

ಅದೇ ಊರಿನ ಸಾಂತ್ ಇನ್ಯಾಜಿಯೋ ಚರ್ಚಿನಲ್ಲಿ ನಿಲ್ಲುವ ಜಾಗವೇ ಕೃತಿಯ ಭಾಗ. ಕಲಾವಿದ ಆಂದ್ರೇಯಾ ಪೋಜ್ಜೋ 1690ರ ದಶಕದಲ್ಲಿ ಚಾವಣಿಯ ಮೇಲೆ ಬಿಡಿಸಿದ ಕಂಬಗಳು, ಕಮಾನುಗಳು, ಅವುಗಳ ನಡುವೆ ತೆರೆದುಕೊಳ್ಳುವ ಆಕಾಶ, ಇವೆಲ್ಲ ನೆಲದಲ್ಲಿ ಕೂರಿಸಿದ ಒಂದು ದುಂಡು ಕಲ್ಲಿನ ಮೇಲೆ ನಿಂತು ನೋಡಿದಾಗ ಮಾತ್ರ ಗೋಡೆಗಳ ಮುಂದುವರಿಕೆಯಂತೆ ನೆಟ್ಟಗೆ ಮೇಲೇರುತ್ತವೆ. ಅಲ್ಲಿಂದ ದೂರ ಸರಿದಂತೆ ಕಂಬಗಳು ವಾಲತೊಡಗುತ್ತವೆ. ಅಲ್ಲಿನ ಗುಮ್ಮಟವೂ ಕಟ್ಟಿದ್ದಲ್ಲ. 1685ರಲ್ಲಿ ಅವನೇ ಬಟ್ಟೆಯ ಮೇಲೆ ಬರೆದು ಮೇಲೆ ಕೂರಿಸಿದ್ದು. ನಾನು ಇಲ್ಲಿ ಹಂಚಿಕೊಳ್ಳುವುದು ಜೋಡಿ ಫೋಟೋ: ಒಂದು ದುಂಡು ಕಲ್ಲಿನ ಮೇಲಿಂದ, ಇನ್ನೊಂದು ಭ್ರಮೆ ಪೂರ್ತಿ ಮುರಿದುಬಿದ್ದಿರುವ ದೂರದ ಮೂಲೆಯಿಂದ. ಸೋತ ಕೋನವನ್ನು ಕಂಡಾಗಲೇ ಗೆದ್ದ ಕೋನದ ಹಿಂದಿನ ಲೆಕ್ಕಾಚಾರದ ಮೇಲೆ ಗೌರವ ಹುಟ್ಟುತ್ತದೆಂಬುದು ನನ್ನ ಅಭಿಪ್ರಾಯ. ಚಾವಣಿ ನೋಡಲೆಂದು ಇಟ್ಟಿರುವ ಕನ್ನಡಿಯ ಮುಂದೆ ಸಾಲಿನಲ್ಲಿ ನಿಲ್ಲುವವರು ಈ ಕಲ್ಲನ್ನು ತುಳಿದುಕೊಂಡೇ ಹೋಗುವುದುಂಟು.

ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಲ್ಲಿ ಕಲಾವಿದ ಮಸಾಚ್ಚೋ 1427ರ ಸುಮಾರಿಗೆ ಬಿಡಿಸಿದ ‘ತ್ರಿತ್ವ’ ಭಿತ್ತಿಚಿತ್ರದ ಮುಂದೆ ನಾನು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆತ್ತುವುದಿಲ್ಲ. ಅದರಲ್ಲಿನ ಕಮಾನು ಚಾವಣಿಯ ಗೆರೆಗಳೆಲ್ಲ ಹೋಗಿ ಕೂಡುವ ಬಿಂದು ಶಿಲುಬೆಯ ಬುಡದ ಹತ್ತಿರ, ನಿಂತು ನೋಡುವವರ ಕಣ್ಣಿನ ಎತ್ತರದ ಆಸುಪಾಸಿನಲ್ಲೇ ಇದೆ. ಆ ಬಿಂದುವಿನ ಕೆಳಗೆ ಅಸ್ಥಿಪಂಜರವೊಂದು ಮಲಗಿದೆ. ಗುಂಪಿನ ತಲೆಗಳನ್ನು ತಪ್ಪಿಸಲು ಕ್ಯಾಮೆರಾ ಮೇಲಕ್ಕೆತ್ತಿದರೆ ಮಸಾಚ್ಚೋ ನಮಗಾಗಿ ಗೊತ್ತುಮಾಡಿದ ಜಾಗವನ್ನು ನಾವೇ ಬಿಟ್ಟುಕೊಟ್ಟಂತಾಗುತ್ತದೆ. ತಲೆಗಳು ಅಡ್ಡ ಬಂದರೆ ಬರಲಿ, ಅಳತೆಗೆ ಅವೂ ಬೇಕು.

ಮೂಲ ಯಾವುದು, ಪ್ರತಿಕೃತಿ ಯಾವುದು ಎಂಬುದನ್ನು ಹೇಳದೆ ಫೋಟೋ ಹಂಚಿಕೊಳ್ಳಬಾರದೆಂಬ ನಿಯಮವನ್ನು ನಾನು ಹಾಕಿಕೊಂಡದ್ದು ಇದೇ ಊರಿನಿಂದಾಗಿ. ಕ್ರೈಸ್ತ ದೀಕ್ಷಾಸ್ನಾನದ ಮಂದಿರವಾದ ಬ್ಯಾಪ್ಟಿಸ್ಟರಿಯ ಪೂರ್ವದ ಬಾಗಿಲಿನ ಮುಂದೆ ದಿನವಿಡೀ ಜನ ಸೇರಿರುತ್ತಾರೆ. ಶಿಲ್ಪಿ ಗಿಬೆರ್ತಿ 1425ರಿಂದ 1452ರವರೆಗೆ ದುಡಿದು ಮುಗಿಸಿದ, ಹತ್ತು ಫಲಕಗಳ ಆ ಬಾಗಿಲಿನಿಂದ 1966ರ ನವೆಂಬರ್ ಪ್ರವಾಹದಲ್ಲಿ ಐದು ಫಲಕಗಳು ಕಿತ್ತುಬಂದವು. ಈಗ ಹೊರಗೆ ಹೊಳೆಯುತ್ತಿರುವುದು ಪ್ರತಿಕೃತಿ; ಮೂಲ ಬಾಗಿಲು ಸಮೀಪದ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದಿದೆ. ಪಿಯಾಜ್ಜಾ ದೆಲ್ಲಾ ಸಿಗ್ನೊರಿಯಾ ಚೌಕದಲ್ಲಿ ನಿಂತಿರುವ ‘ಡೇವಿಡ್’ ಕೂಡ ಪ್ರತಿಕೃತಿಯೇ, ಮೈಕೆಲೇಂಜೆಲೊ ಕಡೆದದ್ದು 1873ರಲ್ಲೇ ಅಕಾಡೆಮಿಯಾ ವಸ್ತುಸಂಗ್ರಹಾಲಯ ಸೇರಿತು. ಹಾಗೆಂದು ಹೊರಗಿನ ಪ್ರತಿಕೃತಿಯನ್ನು ನಾನು ಕಡೆಗಣಿಸುವುದಿಲ್ಲ. ಬಾಗಿಲು ಬಾಗಿಲಿನ ಜಾಗದಲ್ಲಿ, ಬಿಸಿಲಿನಲ್ಲಿ ಹೇಗೆ ಕಾಣುತ್ತದೆಂದು ತೋರಿಸುವುದು ಅದೇ. ಚೌಕಟ್ಟಿನ ದುಂಡು ಕುಳಿಗಳಲ್ಲಿ ಒಂದರಿಂದ ಬೋಳುತಲೆಯ ಗಿಬೆರ್ತಿಯೇ ಹುಬ್ಬೇರಿಸಿ ಹೊರಗೆ ಇಣುಕುತ್ತಿದ್ದಾನೆ. ಅವನನ್ನು ಹತ್ತಿರದಿಂದ ತೆಗೆಯಬೇಕೆಂದರೆ ಮಾತ್ರ ಒಳಗಿನ ಮೂಲದ ಮುಂದೆ ನಿಂತು, ಗಾಜಿನ ಪ್ರತಿಫಲನ ತಪ್ಪುವ ಕೋನಕ್ಕಾಗಿ ಅತ್ತಿತ್ತ ಸರಿಯುತ್ತೇನೆ.

ತಾಂತ್ರಿಕವಾಗಿ ನಾನು ಮಾಡುವುದು ಕಡಿಮೆ. ಫ್ಲ್ಯಾಶ್ ಮತ್ತು ಟ್ರೈಪಾಡ್ ಹೆಚ್ಚಿನ ಕಡೆ ನಿಷಿದ್ಧವಾದ್ದರಿಂದ ಕಂಬಕ್ಕೋ ಬೆಂಚಿಗೋ ಒರಗಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿ, ಆಮೇಲೆ ತಿದ್ದಲು ಅನುಕೂಲವಾಗುವ ರಾ ಕಡತದಲ್ಲಿ ತೆಗೆಯುತ್ತೇನೆ. ಹಳದಿ ದೀಪ ಮತ್ತು ಹಗಲು ಬೆಳಕು ಬೆರೆತ ಕಡೆ ವೈಟ್ ಬ್ಯಾಲೆನ್ಸ್ (ಬಣ್ಣಗಳ ಸಮತೋಲ) ಅನ್ನು ಕ್ಯಾಮೆರಾದ ಮರ್ಜಿಗೆ ಬಿಡದೆ, ಗಾರೆಯ ಗೋಡೆಯೋ ಬೂದು ಕಲ್ಲೋ ಸಿಕ್ಕರೆ ಅದನ್ನು ಆಧಾರವಾಗಿಟ್ಟು ಆಮೇಲೆ ಸರಿಪಡಿಸುತ್ತೇನೆ. ಭಿತ್ತಿಚಿತ್ರದ ಬಣ್ಣವನ್ನು ಗಾಢಗೊಳಿಸುವುದಿಲ್ಲ. ಸುಣ್ಣದಲ್ಲಿ ಇಂಗಿದ ಬಣ್ಣಕ್ಕೆ ಫೋನಿನ ಫಿಲ್ಟರ್ ಕೊಡುವ ಮಿಂಚು ನನಗೆ ಸುಳ್ಳಾಗಿ ಕಾಣುತ್ತದೆ.

ಹಂಚಿಕೊಳ್ಳುವಾಗ ಮೊದಲು ಇಡೀ ಅಂಕಣ ಅಥವಾ ಚೌಕ, ಆಮೇಲೆ ನೋಡುಗರು ನಿಲ್ಲುವ ಜಾಗದಿಂದ ಕೃತಿ, ಕೊನೆಗೆ ಒಂದು ವಿವರ, ಹೀಗೆ ದೂರದಿಂದ ಹತ್ತಿರಕ್ಕೆ ಬರುತ್ತೇನೆ. ಅಡಿಬರಹದಲ್ಲಿ ಊರು, ಕಟ್ಟಡ, ಕಲಾವಿದ, ಕಾಲ ಇವಿಷ್ಟರ ಜೊತೆಗೆ ನಾನು ನಿಂತ ಜಾಗ ಮತ್ತು ಹೊತ್ತನ್ನು ಬರೆಯುತ್ತೇನೆ: “ಅಡ್ಡಗಟ್ಟೆಯ ಬಲತುದಿಯಿಂದ, ಬೆಳಗ್ಗೆ, ದೀಪ ಆರಿದ ಮೇಲೆ.” ಮುಂದೆ ಹೋಗುವವರಿಗೆ ವಿಶೇಷಣಗಳ ಮಾಲೆಗಿಂತ ಈ ಒಂದು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪ್ರಾರ್ಥಿಸುತ್ತಿರುವವರ ಮುಖ ಬಂದ ಫೋಟೋ ಎಷ್ಟೇ ಚೆನ್ನಾಗಿದ್ದರೂ ಹೊರಗೆ ಬಿಡುವುದಿಲ್ಲ. ಆ ಊರಿನಿಂದ ಹೊರಟ ಮೇಲಷ್ಟೇ ಹಂಚಿಕೊಳ್ಳುತ್ತೇನೆ, ಫೋಟೋ ಕಡತದೊಳಗೆ ತಾನಾಗಿ ಸೇರುವ ಸ್ಥಳದ ಮಾಹಿತಿಯನ್ನೂ ತೆಗೆದುಹಾಕುತ್ತೇನೆ.

ಫೋಟೋ ತೆಗೆಯಲು ಬಿಡದ ಕಡೆ ಕೆಲಸ ಇನ್ನೂ ಸಲೀಸು. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನಲ್ಲಿ ಕ್ಯಾಮೆರಾ ಚೀಲದಲ್ಲೇ ಉಳಿಯುತ್ತದೆ, ಕೈಯಲ್ಲಿ ಸಣ್ಣ ಟಿಪ್ಪಣಿ ಪುಸ್ತಕವಿರುತ್ತದೆ. 1508ರಿಂದ 1512ರವರೆಗೆ ಬಿಡಿಸಿದ ಆ ಚಾವಣಿಯನ್ನು ಪ್ರವೇಶದ್ವಾರದ ಕಡೆಯಿಂದ ವೇದಿಕೆಯ ಕಡೆಗೆ ನೋಡುತ್ತ ಹೋದರೆ ಆಕೃತಿಗಳು ದೊಡ್ಡದಾಗುತ್ತವೆ, ಪ್ರತಿ ದೃಶ್ಯದಲ್ಲಿ ಅವುಗಳ ಸಂಖ್ಯೆ ಕಡಿಮೆಯಾಗುತ್ತದೆ. ಪ್ರಳಯದ ದೃಶ್ಯದಲ್ಲಿ ತುಂಬಿರುವ ಸಣ್ಣ ಸಣ್ಣ ಮೈಗಳನ್ನು ಕೆಳಗಿನಿಂದ ಬಿಡಿಸಿ ನೋಡುವುದು ಕಷ್ಟ, ಆದಮನ ಸೃಷ್ಟಿಯನ್ನು ಎಲ್ಲಿಂದಾದರೂ ಗುರುತಿಸಬಹುದು. ಇದನ್ನು ಎರಡು ಸಾಲಿನಲ್ಲಿ ಬರೆದಿಟ್ಟುಕೊಂಡು, ಫೋಟೋದ ಬದಲು ಆ ಬರಹವನ್ನೇ ಉಳಿದ ಚಿತ್ರಗಳ ನಡುವೆ ಸೇರಿಸಿ ಕಳುಹಿಸುತ್ತೇನೆ.