ಒಂದು ಪೀರಿಯಡ್‌ಗೆ ಒಂದೇ ಟ್ಯಾಬ್

ನಮ್ಮ ಕಾಲೇಜಿಗೆ ಪ್ರೊಜೆಕ್ಟರ್ ಬಂದ ವರ್ಷ, ಸೆಕೆಂಡ್ ಪಿಯು ಇಂಗ್ಲಿಷಿನ ರೋಮಿಯೋ ಜೂಲಿಯೆಟ್ ಪಾಠಕ್ಕೆ 62 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ವೆರೋನಾ ಊರಿನ ಚಿತ್ರ, ಗ್ಲೋಬ್ ನಾಟಕಶಾಲೆ, ಬಾಲ್ಕನಿ, ಎರಡು ಸಿನಿಮಾ ತುಣುಕು. ಒಂಬತ್ತನೇ ಸ್ಲೈಡಿಗೆ ಕರೆಂಟ್ ಹೋಯಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ: "ಮಿಸ್, ಆ ಕಾಲದಲ್ಲಿ ಟಾರ್ಚ್ ಎಲ್ಲಿತ್ತು? ಬ್ಯಾಟರಿ ಕಂಡುಹಿಡಿದಿದ್ರಾ?"

ಪಾಠದ ಮೊದಲ ಸಾಲೇ ಟಾರ್ಚಿನದ್ದು. ಜೂಲಿಯೆಟ್‌ಳನ್ನು ಕಂಡ ರೋಮಿಯೋ, ಹೇಗೆ ಉರಿಯಬೇಕು ಅಂತ ಟಾರ್ಚುಗಳಿಗೇ ಇವಳು ಕಲಿಸುತ್ತಾಳೆ ಅನ್ನುತ್ತಾನೆ. ಒಂಬತ್ತು ಸ್ಲೈಡ್ ಓಡಿಸಿದ ನಾನು ಆ ಸಾಲಿಗೇ ಬಂದಿರಲಿಲ್ಲ.

ಈಗ ನನ್ನ ಪದ್ಧತಿ ಬೇರೆ. ಮೊದಲು ಒಂದು ಸಾಲು ಆರಿಸುತ್ತೇನೆ. ಅದರ ಮೇಲೆ ಒಂದು ಪ್ರಶ್ನೆ ಬರೆದುಕೊಳ್ಳುತ್ತೇನೆ. ಆ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಸಿಗದಿದ್ದರೆ ಮಾತ್ರ ಬ್ರೌಸರ್ ತೆರೆಯುತ್ತೇನೆ. ಅದೂ ಒಂದೇ ಟ್ಯಾಬ್. ಎರಡನೇ ಟ್ಯಾಬ್ ತೆರೆಯಬೇಕು ಅನ್ನಿಸಿದರೆ ಅದು ನಾಳೆಯ ಪೀರಿಯಡ್‌ಗೆ.

ಟಾರ್ಚಿನಿಂದಲೇ ಶುರು ಮಾಡೋಣ. ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ಅಂತ ಒಂದು ಉಚಿತ ತಾಣವಿದೆ, ಪದಗಳ ಹುಟ್ಟು ಹೇಳುತ್ತದೆ. ಅಲ್ಲಿ ಟಾರ್ಚ್ ಹುಡುಕಿದರೆ ಹಳೆಯ ಫ್ರೆಂಚ್ ದಾಟಿ ಲ್ಯಾಟಿನ್‌ವರೆಗೆ ಹೋಗುತ್ತೀರಿ. ಬೇರಿನ ಅರ್ಥ 'ತಿರುಚು'. ಇದನ್ನು ಬೋರ್ಡ್ ಮೇಲೆ ಬರೆದ ದಿನ ಒಬ್ಬಳು ತಟ್ಟನೆ ಹೇಳಿದಳು, "ಮಿಸ್, ಜಾತ್ರೇಲಿ ಬಟ್ಟೆ ಸುತ್ತಿ ಎಣ್ಣೆ ಹಾಕ್ತಾರಲ್ಲ, ಆ ಪಂಜು!" ಅಷ್ಟೇ, ಇಡೀ ಕ್ಲಾಸಿಗೆ ಆ ಸಾಲಿನ ಬೆಳಕು ಕಂಡಿತು. ಖರ್ಚಾಗಿದ್ದು ಎರಡು ನಿಮಿಷ.

ಮುಂದಿನ ಹೆಜ್ಜೆ, ನಾಟಕದ ಪೂರ್ತಿ ಪಠ್ಯ. ನಮ್ಮ ಪುಸ್ತಕದಲ್ಲಿರುವುದು ತುಣುಕು ಮಾತ್ರ. ವಾಷಿಂಗ್ಟನ್‌ನಲ್ಲಿರುವ ಫೋಲ್ಜರ್ ಗ್ರಂಥಾಲಯದ ತಾಣದಲ್ಲಿ ಶೇಕ್ಸ್‌ಪಿಯರ್ ನಾಟಕಗಳೆಲ್ಲ ಉಚಿತವಾಗಿ ಸಿಗುತ್ತವೆ. ಸಾಲುಗಳಿಗೆ ನಂಬರ್ ಇರುತ್ತದೆ. ಪಿಡಿಎಫ್ ಆಗಿಯೂ ಬರೀ ಟೆಕ್ಸ್ಟ್ ಆಗಿಯೂ ಇಳಿಸಿಕೊಳ್ಳಬಹುದು. ಇಳಿಸಿಕೊಂಡ ಫೈಲಿನಲ್ಲಿ 'ಟಾರ್ಚ್' ಅಂತ ಟೈಪ್ ಮಾಡಿ ಹುಡುಕಿ. ಬೇರೆ ಯಾವ ಆ್ಯಪೂ ಬೇಡ.

ನನಗೆ ಮೈ ಜುಮ್ಮೆಂದಿದ್ದು ಇಲ್ಲಿ. ಒಂದನೇ ಅಂಕದ ನಾಲ್ಕನೇ ದೃಶ್ಯದಲ್ಲಿ, ಪಾರ್ಟಿಗೆ ಹೋಗುವ ದಾರಿಯಲ್ಲಿ, ರೋಮಿಯೋನೇ ಟಾರ್ಚ್ ಕೇಳುತ್ತಾನೆ. ನನಗೆ ಕುಣಿಯುವ ಮನಸ್ಸಿಲ್ಲ, ಮನಸ್ಸು ಭಾರ, ಹಾಗಾಗಿ ನಾನು 'ಲೈಟ್' ಹಿಡಿಯುತ್ತೇನೆ ಅನ್ನುತ್ತಾನೆ. ಲೈಟ್ ಅಂದರೆ ಬೆಳಕು, ಹಗುರ ಅಂತಲೂ ಹೌದು. ಮರುದೃಶ್ಯದಲ್ಲೇ ಜೂಲಿಯೆಟ್ ಕಾಣುತ್ತಾಳೆ. ತಾನೇ ಕೇಳಿ ಪಂಜು ಹಿಡಿದು ಬಂದವನ ಬಾಯಲ್ಲಿ ಪಂಜಿನ ಹೋಲಿಕೆ! ಕೊನೆಗೆ ಐದನೇ ಅಂಕದ ಮೂರನೇ ದೃಶ್ಯ, ಸಮಾಧಿಯ ಹತ್ತಿರ. ಜೂಲಿಯೆಟ್‌ಳನ್ನು ಮದುವೆಯಾಗಬೇಕೆಂದಿದ್ದ ಪ್ಯಾರಿಸ್ ತನ್ನ ಆಳಿನ ಕೈಯಿಂದ ಟಾರ್ಚ್ ಕೇಳುತ್ತಾನೆ. ಆಮೇಲೆ ಯಾರಿಗೂ ಕಾಣಬಾರದು, ಆರಿಸು ಅನ್ನುತ್ತಾನೆ. ಪಾರ್ಟಿಯಿಂದ ಸಮಾಧಿಯವರೆಗೆ ಪಂಜಿನ ದಾರಿ. ಇಷ್ಟು ವರ್ಷ ಈ ಪಾಠ ಮಾಡಿದವಳಿಗೆ ಇದು ಗೊತ್ತಿರಲಿಲ್ಲ ಅಂತ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮಕ್ಕಳಿಗೆ ಈ ದೃಶ್ಯಗಳ ಹೆಸರು ಹೇಳಬೇಡಿ. ಪದ ಮಾತ್ರ ಕೊಡಿ, ಅವರೇ ಹುಡುಕಲಿ. ನಮ್ಮಲ್ಲಿ ಕ್ಲಾಸಿಗೆ ಮೊಬೈಲ್ ತರುವ ಹಾಗಿಲ್ಲ. ಅದಕ್ಕೇ ಹುಡುಕಾಟ ಮನೆಯಲ್ಲಿ, ಮಾತು ಕ್ಲಾಸಿನಲ್ಲಿ. ಫೋನ್ ಇಲ್ಲದವರನ್ನು ಇರುವವರ ಜೊತೆ ಸೇರಿಸಿ ಮೂರು ಮೂರು ಜನರ ಗುಂಪು ಮಾಡುತ್ತೇನೆ. ಫೋನ್ ಇರುವವನು ಹುಡುಕಬೇಕು, ಇಲ್ಲದವನು ಕ್ಲಾಸಿನಲ್ಲಿ ಹೇಳಬೇಕು. ಈ ನಿಯಮ ಇಲ್ಲದಿದ್ದರೆ ಫೋನ್ ಇರುವವರದ್ದೇ ದರ್ಬಾರು.

ಎರಡು ತಾಣಗಳ ಪಠ್ಯ ಹೋಲಿಸುವುದು ಇನ್ನೂ ರುಚಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಶೇಕ್ಸ್‌ಪಿಯರ್ ತಾಣ 1993ರಿಂದ ಇದೆ. ಅಲ್ಲಿ ಮೂರನೇ ಅಂಕದ ಎರಡನೇ ದೃಶ್ಯ ತೆಗೆಯಿರಿ. ಜೂಲಿಯೆಟ್ ರಾತ್ರಿಯನ್ನು ಬೇಡಿಕೊಳ್ಳುತ್ತಾಳೆ: 'ಹೀ ಶಲ್ ಡೈ', ಅವನು ಸತ್ತಾಗ, ಅವನನ್ನು ಕತ್ತರಿಸಿ ಪುಟ್ಟ ಪುಟ್ಟ ನಕ್ಷತ್ರ ಮಾಡು ಅಂತ. ಈಗ ಫೋಲ್ಜರ್ ನೋಡಿ. ಅಲ್ಲಿ 'ಐ ಶಲ್ ಡೈ', ನಾನು ಸತ್ತಾಗ. ಯಾವುದು ಸರಿ? ಹಳೆಯ ಮುದ್ರಣಗಳನ್ನು ನೋಡಿದರೆ, 1599ರ ಎರಡನೇ ಕ್ವಾರ್ಟೊದಲ್ಲೂ, ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹವಾದ 1623ರ ಫಸ್ಟ್ ಫೋಲಿಯೋದಲ್ಲೂ 'ಐ' ಇದೆ. ನಾಲ್ಕನೇ ಕ್ವಾರ್ಟೊದಲ್ಲಿ 'ಹೀ'. ಕ್ವಾರ್ಟೊ ಅಂದರೇನು ಅಂತ ತೋರಿಸಲು ಒಂದು ಪೇಪರ್ ಹಾಳೆ ಎರಡು ಸಲ ಮಡಿಸಿ, ನಾಲ್ಕು ಎಲೆ ಆಗುತ್ತದೆ. ಆಮೇಲೆ ಕ್ಲಾಸನ್ನು ಎರಡು ಪಾಲು ಮಾಡಿ ವಾದಕ್ಕೆ ಬಿಡಿ. ಕಳೆದ ಸಲ 'ಐ' ಕಡೆಯ ಹುಡುಗಿ ಹೇಳಿದ್ದು ನೆನಪಿದೆ: "ತಾನು ಇರೋವರೆಗೂ ಅವನು ತನಗೇ ಬೇಕು, ಆಮೇಲೆ ಜಗತ್ತಿಗೆ ಕೊಡ್ತಾಳೆ." ಇಂಥ ಉತ್ತರ ಯಾವ ಗೈಡಿನಲ್ಲಿದೆ ಹೇಳಿ. ಪರೀಕ್ಷೆಯಲ್ಲಿ ಮಾತ್ರ ಪಠ್ಯಪುಸ್ತಕದಲ್ಲಿ ಇರುವುದನ್ನೇ ಬರೆಯಿರಿ ಅಂತ ಮರೆಯದೆ ಹೇಳಿಬಿಡಿ. ('ಡೈ' ಪದಕ್ಕೆ ಆ ಕಾಲದಲ್ಲಿ ಇನ್ನೊಂದು ತುಂಟ ಅರ್ಥವೂ ಇತ್ತು. ಹದಿನೇಳರ ಮಕ್ಕಳ ಮುಂದೆ ಅದನ್ನು ತೆಗೆಯುವುದು ಬಿಡುವುದು ನಿಮ್ಮ ಧೈರ್ಯಕ್ಕೆ ಬಿಟ್ಟಿದ್ದು. ನಾನಂತೂ ಬಿಡುತ್ತೇನೆ.)

ಪದ ಎಣಿಸಲು ವಾಯಂಟ್ ಟೂಲ್ಸ್ ಅನ್ನುವ ತಾಣ ಇದೆ, ಉಚಿತ, ಲಾಗಿನ್ ಬೇಡ. ಫೋಲ್ಜರ್‌ನ ಟೆಕ್ಸ್ಟ್ ಕಾಪಿ ಮಾಡಿ ಅಂಟಿಸಿದರೆ ಬಣ್ಣಬಣ್ಣದ ಪದಮೋಡ ಬರುತ್ತದೆ, ಹೆಚ್ಚು ಸಲ ಬಂದ ಪದ ಅದರಲ್ಲಿ ದೊಡ್ಡದಾಗಿರುತ್ತದೆ. ಮೊದಲ ಸಲ ನೋಡಿದರೆ ರೋಮಿಯೋ, ಜೂಲಿಯೆಟ್, ನರ್ಸ್ ಹೆಸರುಗಳೇ ದಪ್ಪಗೆ ಕಾಣುತ್ತವೆ, ಯಾಕೆಂದರೆ ಪ್ರತಿ ಮಾತಿನ ಮುಂದೆ ಪಾತ್ರದ ಹೆಸರಿದೆ. ಆ ಹೆಸರುಗಳನ್ನು ಬಿಡಬೇಕಾದ ಪದಗಳ ಪಟ್ಟಿಗೆ ಸೇರಿಸಿ. ಪದಮೋಡವನ್ನು ಚಾರ್ಟ್ ಮಾಡಿ ಗೋಡೆಗೆ ಅಂಟಿಸುವವರಿದ್ದಾರೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಉಪಯೋಗಕ್ಕೆ ಬರುವುದು ಕಾಂಟೆಕ್ಸ್ಟ್ಸ್ ಅನ್ನುವ ಭಾಗ. ಒಂದು ಪದ ಎಲ್ಲೆಲ್ಲಿ ಬಂದಿದೆ, ಅಕ್ಕಪಕ್ಕ ಏನಿದೆ ಅಂತ ಸಾಲಾಗಿ ತೋರಿಸುತ್ತದೆ. 'ಲೈಟ್' ಕೊಟ್ಟು ನೋಡಿ. ಬೆಳಕಿನ ಲೈಟು, ಹಗುರದ ಲೈಟು ಎಲ್ಲವನ್ನೂ ಅದು ಒಂದೇ ಲೆಕ್ಕಕ್ಕೆ ಹಾಕುತ್ತದೆ. ಬೇರೆ ಮಾಡುವ ಕೆಲಸ ಮಕ್ಕಳದ್ದು.

ಕವಿತೆಗೆ ಕಿವಿ ಬೇಕು. ನಮ್ಮ ಪುಸ್ತಕದಲ್ಲಿ ಯೇಟ್ಸ್‌ನ 'ವೆನ್ ಯೂ ಆರ್ ಓಲ್ಡ್' ಇದೆ, ಹನ್ನೆರಡೇ ಸಾಲು. ಲಿಬ್ರಿವಾಕ್ಸ್ ಅನ್ನುವ ತಾಣದಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಹಾಕಿದ್ದಾರೆ. ಒಂದೇ ಕವಿತೆಯನ್ನು ಹಲವರು ಓದಿರುವ ಸಂಗ್ರಹಗಳೂ ಇವೆ. ಎರಡು ಓದು ಕೇಳಿಸಿ. ಯಾರು ಎಲ್ಲಿ ಉಸಿರು ತೆಗೆದುಕೊಂಡರು ಅಂತ ಪೆನ್ಸಿಲ್‌ನಲ್ಲಿ ಗೆರೆ ಹಾಕಲು ಹೇಳಿ. ಮೂರನೆಯದಾಗಿ ನಿಮ್ಮ ದನಿಯಲ್ಲೇ ಓದಿ. ನಮ್ಮ ಇಂಗ್ಲಿಷು ಹಾಸನದ ಇಂಗ್ಲಿಷು, ಅದರಿಂದ ಯೇಟ್ಸ್‌ಗೇನೂ ನಷ್ಟವಿಲ್ಲ. ಆಮೇಲೆ ಆ ಹನ್ನೆರಡು ಸಾಲನ್ನು ಒಂದು ಗೂಗಲ್ ಡಾಕ್‌ನಲ್ಲಿ ಹಾಕಿ, ಕಮೆಂಟ್ ಮಾತ್ರ ಮಾಡುವ ಅನುಮತಿ ಕೊಡಿ. ಎಡಿಟ್ ಅನುಮತಿ ಕೊಟ್ಟು ನಾನು ಪಟ್ಟ ಪಾಡು ಸಾಕು, ಬೆಳಗಾಗುವಷ್ಟರಲ್ಲಿ ಕವಿತೆಯೇ ಮಾಯ. ಒಂದು ಗುಂಪಿಗೆ ಒಂದೇ ಪದ: 'ಪಿಲ್‌ಗ್ರಿಮ್' ಯಾಕೆ, 'ಗ್ರೇಸ್'ಗೆ 'ಗ್ಲ್ಯಾಡ್' ಯಾಕೆ. ಕನ್ನಡದಲ್ಲಿ ಕಮೆಂಟ್ ಬರೆದರೂ ಪರವಾಗಿಲ್ಲ ಅಂದ ದಿನದಿಂದ ಬರೆಯುವವರು ಜಾಸ್ತಿಯಾದರು.

ಯಾವುದನ್ನು ಪೂರ್ತಿ ಹಂಚಬಹುದು ಅನ್ನುವುದಕ್ಕೂ ಒಂದು ಲೆಕ್ಕವಿದೆ. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕುಸ್ವಾಮ್ಯ. ಯೇಟ್ಸ್ ತೀರಿಕೊಂಡಿದ್ದು 1939ರಲ್ಲಿ, ಧಾರಾಳವಾಗಿ ಹಂಚಿ. ಅದೇ ಪುಸ್ತಕದಲ್ಲಿರುವ ನೆರೂಡಾ ತೀರಿಕೊಂಡಿದ್ದು 1973ರಲ್ಲಿ. ಅವರ ಸಂಕಲನದ ಕಳ್ಳ ಪಿಡಿಎಫ್ ಗ್ರೂಪಿಗೆ ಹಾಕಬೇಡಿ, ಪುಸ್ತಕದಲ್ಲಿ ಇರುವ ಕವಿತೆ ಸಾಕು.

ಸಿನಿಮಾ ತೋರಿಸುವುದಿದ್ದರೆ ನಾಲ್ಕು ನಿಮಿಷ ದಾಟಬೇಡಿ, ಮೊದಲ ಸಲ ಶಬ್ದ ಮುಚ್ಚಿ ತೋರಿಸಿ. 1996ರ ರೋಮಿಯೋ ಜೂಲಿಯೆಟ್ ಸಿನಿಮಾದಲ್ಲಿ ಇಬ್ಬರೂ ಮೊದಲು ಕಾಣುವುದು ಮೀನಿನ ತೊಟ್ಟಿಯ ಗಾಜಿನ ಮೂಲಕ. ನಾಟಕದಲ್ಲಿ ಮೀನೂ ಇಲ್ಲ, ತೊಟ್ಟಿಯೂ ಇಲ್ಲ. ಹಾಗಾದರೆ ಯಾವ ಸಾಲಿನಿಂದ ಇದು ಬಂತು ಅಂತ ಕೇಳಿ, ಅಷ್ಟೇ.

ಗದ್ಯಕ್ಕೆ ಬಂದರೆ, ಪತ್ರಕರ್ತ ಪಿ. ಸಾಯಿನಾಥ್ ಅವರ ಸೈಕಲ್ ಪಾಠಕ್ಕೆ 'ಪರಿ' (ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ) ತಾಣಕ್ಕಿಂತ ಒಳ್ಳೆಯ ಜೊತೆ ಇಲ್ಲ. 2014ರಲ್ಲಿ ಅವರೇ ಶುರು ಮಾಡಿದ್ದು, ಹಳ್ಳಿಗಳ ವರದಿಗಳು ಕನ್ನಡದಲ್ಲೂ ಸಿಗುತ್ತವೆ. ತಮಿಳುನಾಡಿನ ಪುದುಕೋಟೆಯ ಹೆಂಗಸರು ಸೈಕಲ್ ಕಲಿತ ಪಾಠ ಓದಿದ ಮೇಲೆ, ಅಲ್ಲಿಂದ ಒಂದು ವರದಿಯನ್ನು ಎರಡೂ ಭಾಷೆಯಲ್ಲಿ ಓದಿಸಿ. ನಂತರ ಮನೆಯಲ್ಲಿ ಅಮ್ಮನನ್ನೋ ಅಕ್ಕನನ್ನೋ ಕೇಳಿಕೊಂಡು ಬರಲು ಹೇಳಿ. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿದ್ದರು. ಆ ಸೈಕಲ್ಲಿನ ಕಥೆಗಳು ಎಷ್ಟು ಬಂದವು ಅಂದರೆ ಎರಡು ಪೀರಿಯಡ್ ಸಾಲಲಿಲ್ಲ.

ಎಐ ವಿಷಯ ಬಿಟ್ಟರೆ ನೀವೇ ಕೇಳುತ್ತೀರಿ. ಮಕ್ಕಳು ಅದರಿಂದಲೇ ಉತ್ತರ ತರುತ್ತಾರೆ, ಗೊತ್ತಿರುವ ವಿಷಯವೇ. ನಾನು ಬೈಯುವುದು ಬಿಟ್ಟೆ. ಒಂದು ಚಾಟ್‌ಬಾಟ್ ಬರೆದ ಉತ್ತರವನ್ನು ಜೆರಾಕ್ಸ್ ಮಾಡಿಸಿ ಹಂಚುತ್ತೇನೆ. ಪ್ರತಿ ವಾಕ್ಯದ ಮುಂದೆ ಅದಕ್ಕೆ ಆಧಾರವಾದ ಸಾಲಿನ ನಂಬರ್ ಬರೆಯಬೇಕು. ನಂಬರ್ ಸಿಗದ ವಾಕ್ಯಕ್ಕೆ ಕೆಂಪು ಗೆರೆ. ಒಮ್ಮೆ ನಾಟಕದಲ್ಲೇ ಇಲ್ಲದ ಒಂದು ಸಾಲು ಉದ್ಧರಣ ಚಿಹ್ನೆಯೊಳಗೆ ಠೀವಿಯಿಂದ ಕೂತಿತ್ತು. ಅದನ್ನು ಹಿಡಿದವನು, ನೋಟ್ಸೇ ಬರೆಯದ ಹುಡುಗ.

ಇನ್ನು ನೆಟ್. ಅದನ್ನು ನಂಬಬೇಡಿ. ಹಿಂದಿನ ರಾತ್ರಿ ಬೇಕಾದ ಪುಟವನ್ನು ಪಿಡಿಎಫ್ ಮಾಡಿ ಉಳಿಸಿ, ಆಡಿಯೋ ಇಳಿಸಿಕೊಳ್ಳಿ. ಆಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಎಲ್ಲವೂ ತೆರೆಯುತ್ತಾ ನೋಡಿ. ಆ ದಿನದ ಸಾಲುಗಳನ್ನು ಅರ್ಧ ಹಾಳೆಗೆ ಹೊಂದಿಸಿ ಜೆರಾಕ್ಸ್ ಮಾಡಿಸಿ. 64 ಮಕ್ಕಳಿಗೆ 32 ಹಾಳೆ. ನಾನು 33 ಮಾಡಿಸುತ್ತೇನೆ, ಪ್ರತಿ ಸಲ ಯಾರೋ ಒಬ್ಬರು ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ.