ಮೋಹನದ ಷಡ್ಜವನ್ನು ಸರಿಸುತ್ತ ಜಾಝ್ ನುಡಿಸುವುದು ಹೇಗೆ?

ಕಾಸರಗೋಡಿನಿಂದ ಮಂಜೇಶ್ವರದವರೆಗಿನ ನಮ್ಮ ಊರುಗಳಲ್ಲಿ ದೇವಸ್ಥಾನದ ಉತ್ಸವವಿರಲಿ, ಮದುವೆಯ ದಿಬ್ಬಣವಿರಲಿ, ಸ್ಯಾಕ್ಸೋಫೋನಿನ ನಾದ ಕೇಳಿಸುವುದು ಈಗ ಯಾರಿಗೂ ಹೊಸತಲ್ಲ. 1949ರಲ್ಲಿ ಬಂಟ್ವಾಳ ಸೀಮೆಯ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅವರು ಈ ವಿದೇಶಿ ವಾದ್ಯದಲ್ಲಿ ಗಮಕಗಳನ್ನು ನುಡಿಸಿ ತೋರಿಸಿದ ಮೇಲೆ ಅದು ಕರಾವಳಿಯವರ ಸ್ವಂತ ವಾದ್ಯವೇ ಆಗಿಬಿಟ್ಟಿತು. ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆಗೂಡಿ ಗೋಪಾಲನಾಥರು ನುಡಿಸಿದ ಧ್ವನಿಮುದ್ರಿಕೆ 2008ರಲ್ಲಿ ಹೊರಬಂದ ಬಳಿಕ, ನಾವೂ ಜಾಝ್ ನುಡಿಸಬಾರದೇಕೆ ಎಂದು ಕೇಳುವ ಎಳೆಯರು ನಮ್ಮಲ್ಲಿಯೂ ಇದ್ದಾರೆ. ಈ ಲೇಖನ ಅವರಿಗಾಗಿ. ಸ್ಯಾಕ್ಸೋಫೋನ್, ಕೊಳಲು, ಪಿಟೀಲು, ಕೀಬೋರ್ಡ್ ಇವುಗಳಲ್ಲಿ ಯಾವುದಾದರೊಂದರಲ್ಲಿ ಮೋಹನ ರಾಗದ ಆರೋಹಣ ಅವರೋಹಣ ತಡೆಯಿಲ್ಲದೆ ಬರುವವರಿಗೆ ಇಲ್ಲಿರುವುದೆಲ್ಲ ನಿಲುಕುವಂಥದ್ದೇ.

ಬದಿಯಡ್ಕದಲ್ಲಿ ನನ್ನ ಬಳಿ ಕಲಿಯುತ್ತಿರುವ ಹುಡುಗನೊಬ್ಬ ಮೊದಲ ದಿನ ಫೋನಿನಲ್ಲಿ ಪಿಯಾನೊ ಹಿನ್ನೆಲೆಯನ್ನು ಹಾಕಿಕೊಂಡು ಮೋಹನವನ್ನು ನುಡಿಸತೊಡಗಿದ. ಮೊದಲ ನಾಲ್ಕು ಎಣಿಕೆ ಸೊಗಸಾಗಿತ್ತು. ಹಿನ್ನೆಲೆಯ ಕಾರ್ಡ್, ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬದಲಾದೊಡನೆ ಅವನ ಬೆರಳು ಅಭ್ಯಾಸಬಲದಿಂದ ಷಡ್ಜಕ್ಕೆ ಬಂದು ನಿಂತಿತು, ಆ ಷಡ್ಜವೇ ಹೊರಗಿನವನಂತೆ ಕೇಳಿಸಿತು. ಅವನು ವಾದ್ಯವನ್ನು ಬಾಯಿಂದ ತೆಗೆದು, "ಸ್ವರ ತಪ್ಪಿಲ್ಲ ಮಾಷ್ಟ್ರೇ, ಆದರೆ ಕೇಳ್ಲಿಕ್ಕೆ ಸರಿ ಬರುವುದಿಲ್ಲ" ಎಂದ. ಅವನ ಮಾತು ನಿಜ. ನಮ್ಮ ಸಂಗೀತದಲ್ಲಿ ಶ್ರುತಿ ಅಲುಗದೆ ನಿಂತಿರುತ್ತದೆ, ರಾಗ ಅದರ ಮೇಲೆ ಅರಳುತ್ತದೆ. ಜಾಝ್‌ನಲ್ಲಿ ಕೆಳಗಿನ ನೆಲವೇ ಎಷ್ಟೋ ಸಲ ನಾಲ್ಕು ಎಣಿಕೆಗೊಮ್ಮೆ ಸರಿಯುತ್ತದೆ. ಹಾಗಾಗಿ ಕಲಿಯಬೇಕಾದದ್ದು ಹೊಸ ಸ್ವರಸಮೂಹಗಳನ್ನಲ್ಲ, ಗೊತ್ತಿರುವ ಮೋಹನದ ಷಡ್ಜವನ್ನು ಎಲ್ಲಿಂದ ಎಲ್ಲಿಗೆ ಸರಿಸಬೇಕು ಎಂಬುದನ್ನು ಮಾತ್ರ.

ಮೊದಲು ಮಾಡಬೇಕಾದದ್ದು

ಶ್ರುತಿಪೆಟ್ಟಿಗೆಯನ್ನು ನಿಲ್ಲಿಸಿ. ಹಾರ್ಮೋನಿಯಂ ಅಥವಾ ಕೀಬೋರ್ಡನ್ನು ಎದುರಿಗಿಟ್ಟುಕೊಳ್ಳಿ. ನಿಮ್ಮ ವಾದ್ಯ ಬೇರೆಯಾದರೂ ಸ್ವರಗಳನ್ನು ಕಣ್ಣಿಂದ ಕಾಣಲು ಇದು ಬೇಕು. ಯಕ್ಷಗಾನದವರು ಹೇಳುವ ಲೆಕ್ಕದಲ್ಲಿಯೇ ಹೋಗೋಣ: ಬಿಳಿ 1 ಎಂದರೆ ಪಾಶ್ಚಾತ್ಯರ ಸಿ, ಕಪ್ಪು 1 ಎಂದರೆ ಸಿ ಶಾರ್ಪ್, ಬಿಳಿ 2 ಎಂದರೆ ಡಿ, ಹೀಗೆ ಬಿಳಿ 7ರವರೆಗೆ. ಬಿಳಿ 1ನ್ನು ಷಡ್ಜವಾಗಿ ಇಟ್ಟುಕೊಂಡ ಮೋಹನ ಬಿಳಿ 1, 2, 3, 5, 6ರಲ್ಲಿ ಬರುತ್ತದೆ. ಪಾಶ್ಚಾತ್ಯರು ಇದನ್ನೇ ಸಿ ಮೇಜರ್ ಪೆಂಟಟಾನಿಕ್ ಎನ್ನುತ್ತಾರೆ.

ಇನ್ನು ಗ್ರಹಭೇದ, ಎಂದರೆ ಅದೇ ಸ್ವರಗಳಲ್ಲಿ ಬೇರೊಂದನ್ನು ಷಡ್ಜವೆಂದುಕೊಳ್ಳುವುದನ್ನು, ಮಾಡಿ ನೋಡಿ. ಈ ಐದೇ ಮನೆಗಳಲ್ಲಿ (ಕೀಲಿಗಳಲ್ಲಿ) ರಿಷಭವನ್ನು ಷಡ್ಜವೆಂದುಕೊಂಡರೆ ಮಧ್ಯಮಾವತಿ, ಗಾಂಧಾರವನ್ನು ಅಂದುಕೊಂಡರೆ ಹಿಂದೋಳ, ಪಂಚಮವನ್ನು ಅಂದುಕೊಂಡರೆ ಶುದ್ಧ ಸಾವೇರಿ, ಧೈವತವನ್ನು ಅಂದುಕೊಂಡರೆ ಶುದ್ಧ ಧನ್ಯಾಸಿ ಕೇಳಿಸುತ್ತದೆ. ಜಾಝ್ ಪಾಠಗಳಲ್ಲಿ ಮೈನರ್ ಪೆಂಟಟಾನಿಕ್ ಎಂದು ಪದೇ ಪದೇ ಬರುವುದು ಈ ಕೊನೆಯದರ ಸ್ವರಗಳೇ. ಆದುದರಿಂದ ಎ ಮೈನರ್ ಪೆಂಟಟಾನಿಕ್ ಎಂದು ಎಲ್ಲಾದರೂ ಕಂಡರೆ ಸಿ ಮೋಹನ ಎಂದು ಓದಿಕೊಳ್ಳಿ. ಎರಡು ಹೆಸರುಗಳನ್ನು ತಲೆಯಲ್ಲಿಟ್ಟುಕೊಂಡು ನುಡಿಸುವಾಗ ತಡವರಿಸುವುದಕ್ಕಿಂತ ಒಂದೇ ಹೆಸರಿನಿಂದ ಎಲ್ಲವನ್ನೂ ಗುರುತಿಸುವುದು ನಮಗೆ ಸುಲಭ ಎಂಬುದು ನನ್ನ ಅನುಭವ.

ಹನ್ನೆರಡು ಮನೆಗಳಲ್ಲಿಯೂ ಮೋಹನ ನುಡಿಸಲು ಬರಬೇಕು. ದಿನಕ್ಕೊಂದು ಮನೆಯಂತೆ ಸಾಧನೆ ಮಾಡಿದರೆ ಎರಡು ವಾರದೊಳಗೆ ಒಂದು ಸುತ್ತು ಮುಗಿಯುತ್ತದೆ. ಹಾರ್ಮೋನಿಯಂನ ಐದು ಕಪ್ಪು ಮನೆಗಳನ್ನಷ್ಟೇ ಒತ್ತಿದರೆ ಕಪ್ಪು 3ರ ಮೋಹನ ತಾನಾಗಿ ಬರುತ್ತದೆ, ಅಲ್ಲಿಂದಲೇ ಆರಂಭಿಸಬಹುದು.

ಈ ಐದು ಸ್ವರಗಳೇ ಏಕೆ ಎಂದು ಕೇಳಿದರೆ ಉತ್ತರ ಅವುಗಳ ನಂಟಿನಲ್ಲಿದೆ. ಷಡ್ಜಕ್ಕೆ ಪಂಚಮ, ಆ ಪಂಚಮಕ್ಕೆ ರಿಷಭ, ರಿಷಭಕ್ಕೆ ಧೈವತ, ಧೈವತಕ್ಕೆ ಗಾಂಧಾರ, ಹೀಗೆ ಪ್ರತಿಯೊಂದೂ ಹಿಂದಿನದರ ಪಂಚಮವಾಗಿ ಐದೂ ಒಂದೇ ಸರಪಳಿಯಲ್ಲಿ ಕೂಡಿಕೊಂಡಿವೆ. ಅರ್ಧ ಸ್ವರದ (ಪಕ್ಕಪಕ್ಕದ ಎರಡು ಮನೆಗಳ ನಡುವಿನ) ಅಂತರವಾಗಲಿ, ಷಡ್ಜದಿಂದ ಪ್ರತಿ ಮಧ್ಯಮಕ್ಕಿರುವಂಥ ಅಂತರವಾಗಲಿ ಅವುಗಳಲ್ಲಿ ಎಲ್ಲಿಯೂ ಇಲ್ಲ. ಆ ಕಾರಣದಿಂದ ಇಡೀ ಗುಂಪನ್ನು ಎತ್ತಿ ಬೇರೆಡೆ ಇಟ್ಟರೂ ಅದು ಒಡೆಯದೆ ಒಂದಾಗಿ ನಿಲ್ಲುತ್ತದೆ. 1960ರ ದಶಕದ ಮೊದಲರ್ಧದಲ್ಲಿ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ತಂಡದಲ್ಲಿ ಪಿಯಾನೊ ನುಡಿಸಿದ ಮೆಕಾಯ್ ಟೈನರ್ ಅವರ ನಾದದಲ್ಲಿ ಈ ಗಟ್ಟಿತನ ಎದ್ದು ಕೇಳುತ್ತದೆ. ಎಡಗೈಯಲ್ಲಿ ಸ್ವರಗಳನ್ನು ಮಧ್ಯಮದ ಅಂತರದಲ್ಲಿ ಒಂದರ ಮೇಲೊಂದು ಪೇರಿಸಿ, ಬಲಗೈಯಲ್ಲಿ ಐದು ಸ್ವರಗಳ ಓಟಗಳನ್ನು ಹರಿಸುವುದು ಅವರ ರೀತಿಯಾಗಿತ್ತು.

ಕಾರ್ಡಿಗೆ ಷಡ್ಜವನ್ನು ಹೊಂದಿಸುವುದು

ಎಡಗೈಯಲ್ಲಿ ಸಿ ಮೇಜರ್ ಸೆವೆಂತ್ ಕಾರ್ಡನ್ನು ಹಿಡಿಯಿರಿ: ಬಿಳಿ 1, 3, 5, 7. ಬಲಗೈಯಲ್ಲಿ ಸಿ ಮೋಹನವನ್ನು ನುಡಿಸಿ. ಹೊಂದುತ್ತದೆ, ಆದರೆ ಸಪ್ಪೆ. ಈಗ ಕಾರ್ಡನ್ನು ಬಿಡದೆ, ಅದರ ಪಂಚಮದಿಂದ, ಎಂದರೆ ಬಿಳಿ 5ರಿಂದ ಮೋಹನವನ್ನು ನುಡಿಸಿ. ನಿಷಾದ ಒಳಗೆ ಬಂತು, ಷಡ್ಜ ಬಿಟ್ಟುಹೋಯಿತು, ನಾದ ಹಗುರವಾಯಿತು. ಕೊನೆಗೆ ಕಾರ್ಡಿನ ರಿಷಭದಿಂದ, ಎಂದರೆ ಬಿಳಿ 2ರಿಂದ ಮೋಹನವನ್ನು ನುಡಿಸಿ ನೋಡಿ. ಡಿ, ಇ, ಎಫ್ ಶಾರ್ಪ್, ಎ, ಬಿ ಎಂಬ ಈ ಐದು ಸ್ವರಗಳು ಸಿ ಷಡ್ಜಕ್ಕೆ ರಿಷಭ, ಗಾಂಧಾರ, ಪ್ರತಿ ಮಧ್ಯಮ, ಧೈವತ, ನಿಷಾದಗಳಾಗುತ್ತವೆ. ಷಡ್ಜ ಪಂಚಮಗಳನ್ನು ಬಿಟ್ಟು ಕಲ್ಯಾಣಿಯಲ್ಲಿ ಸಂಚರಿಸುವುದನ್ನು ಕಚೇರಿಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವಲ್ಲ, ಅದೇ ಸ್ವರಗಳು ಇಲ್ಲಿ ಮೋಹನದ ವೇಷದಲ್ಲಿ ಬಂದಿವೆ. ಇದನ್ನು ಮೊದಲು ಕಂಡುಕೊಂಡ ರಾತ್ರಿ ನಾನು ಹಾರ್ಮೋನಿಯಂ ಮುಂದಿನಿಂದ ಏಳಲೇ ಇಲ್ಲ.

ಡಿ ಮೈನರ್ ಸೆವೆಂತ್, ಎಂದರೆ ಬಿಳಿ 2, 4, 6, 1 ಇರುವ ಕಾರ್ಡಿಗೂ ಮೂರು ಸ್ಥಾನಗಳಿವೆ. ಅದರ ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಕೈಶಿಕಿ ನಿಷಾದ ಇವುಗಳಲ್ಲಿ ಯಾವುದರಿಂದಲೂ ಮೋಹನವನ್ನು ಆರಂಭಿಸಬಹುದು. ಕ್ರಮವಾಗಿ ಎಫ್, ಜಿ, ಸಿ ಮೋಹನಗಳು ದೊರೆಯುತ್ತವೆ. ಎಫ್ ಮೋಹನ ತೀರಾ ಸರಳ, ಜಿ ಮೋಹನದಲ್ಲಿ ಕಾರ್ಡಿನ ಗಾಂಧಾರ ನಿಷಾದಗಳೆರಡೂ ಇಲ್ಲದಿರುವುದರಿಂದ ಹೊಸಬರಿಗೆ ಹಿಡಿತ ತಪ್ಪುತ್ತದೆ. ಸಿ ಮೋಹನವನ್ನೇ ಹೆಚ್ಚಾಗಿ ಬಳಸಿ ಎಂದು ನಾನು ಹೇಳುತ್ತೇನೆ.

ಇಷ್ಟಾದ ಮೇಲೆ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ಕೈಂಡ್ ಆಫ್ ಬ್ಲೂ ಧ್ವನಿಮುದ್ರಿಕೆಯ ಮೊದಲ ಕೃತಿಯಾದ ಸೋ ವಾಟ್ ಅನ್ನು ಕೇಳಿ. ಅದರ ಒಂದು ಸುತ್ತಿಗೆ 32 ಬಾರ್‌ಗಳು: ಡಿ ಮೈನರ್‌ನಲ್ಲಿ 16, ಅರ್ಧ ಸ್ವರ ಮೇಲಿನ (ಕಪ್ಪು 2ರ) ಇ ಫ್ಲಾಟ್ ಮೈನರ್‌ನಲ್ಲಿ 8, ಮತ್ತೆ ಡಿ ಮೈನರ್‌ನಲ್ಲಿ 8. ಬಾರ್ ಎಂದರೆ ಇಲ್ಲಿ ನಾಲ್ಕು ಎಣಿಕೆಗಳ ಒಂದು ಘಟಕವಾದ್ದರಿಂದ ಆದಿತಾಳದ ಲೆಕ್ಕದಲ್ಲಿ ಎಂಟು, ನಾಲ್ಕು, ನಾಲ್ಕು ಆವರ್ತನಗಳಾಗುತ್ತವೆ. ಎಂಟು ಆವರ್ತನ ಸಿ ಮೋಹನ, ನಾಲ್ಕು ಆವರ್ತನ ಕಪ್ಪು 1ರ ಮೋಹನ, ಮರಳಿ ನಾಲ್ಕು ಆವರ್ತನ ಸಿ ಮೋಹನ. ತಾಳವನ್ನು ಕೈಯಲ್ಲಿ ಹಾಕುತ್ತ, ಮೊದಲು ಬಾಯಲ್ಲಿ ಸ್ವರ ಹಾಡಿ. ಐದನೆಯ ಆವರ್ತನ ಕಳೆಯುವಷ್ಟರಲ್ಲಿ ಎಲ್ಲಿದ್ದೇವೆ ಎಂದು ಮರೆತುಹೋಗುವುದು ಎಲ್ಲರಿಗೂ ಆಗುತ್ತದೆ, ಆದ್ದರಿಂದ ಆವರ್ತನಗಳನ್ನೂ ಬೆರಳಲ್ಲಿ ಎಣಿಸಿಕೊಳ್ಳಿ.

ಜಿ ಸೆವೆಂತ್ ಎಂಬ ಕಷ್ಟದ ತಿರುವು

ಜಾಝ್ ಕೃತಿಗಳಲ್ಲಿ ಮತ್ತೆ ಮತ್ತೆ ಬರುವ ಕಾರ್ಡುಗಳ ನಡೆಯೊಂದಿದೆ: ಡಿ ಮೈನರ್ ಸೆವೆಂತ್, ಜಿ ಸೆವೆಂತ್, ಸಿ ಮೇಜರ್ ಸೆವೆಂತ್. ಇದನ್ನು ಎರಡು, ಐದು, ಒಂದು ಎಂದು ಕರೆಯುತ್ತಾರೆ. ನನ್ನ ಹುಡುಗ ಎಡವಿದ್ದು ಇದರ ನಡುವಿನಲ್ಲಿ. ಜಿ ಸೆವೆಂತ್‌ನ ಜೀವವಿರುವುದು ಬಿ ಮತ್ತು ಎಫ್ ಎಂಬ ಎರಡು ಸ್ವರಗಳಲ್ಲಿ. ಅವು ಒಂದನ್ನೊಂದು ಎಳೆಯುತ್ತ, ಸಿ ಕಾರ್ಡಿಗೆ ಹೋಗಿ ಸೇರಬೇಕೆಂಬ ತವಕವನ್ನು ಹುಟ್ಟಿಸುತ್ತವೆ. ಸಿ ಮೋಹನದಲ್ಲಿ ಈ ಎರಡೂ ಇಲ್ಲ, ಬದಲಿಗೆ ಬಿಗೆ ಅರ್ಧ ಸ್ವರ ಮೇಲೆ ಕುಳಿತು ಅದರೊಡನೆ ಜಗಳವಾಡುವ ಸಿ ಇದೆ. ಮನೆ ತಲುಪುವ ಮೊದಲೇ ತಲುಪಿದೆವೆಂದು ಹೇಳಿದಂತಾಯಿತು. ಜಿ ಮೋಹನದಲ್ಲಿ ಬಿ ಇದೆ, ಎಫ್ ಇಲ್ಲ. ಎಫ್ ಮೋಹನದಲ್ಲಿ ಎಫ್ ಇದೆ, ಬಿ ಇಲ್ಲ. ಬಿ ಮತ್ತು ಎಫ್‌ಗಳ ನಡುವಿನ ಅಂತರ ಮೋಹನದಲ್ಲಿ ಇಲ್ಲವೇ ಇಲ್ಲವಾದ್ದರಿಂದ ಎರಡನ್ನೂ ಹಿಡಿದಿಡುವ ಮೋಹನ ಹನ್ನೆರಡು ಮನೆಗಳಲ್ಲಿ ಹುಡುಕಿದರೂ ಸಿಗದು.

ಜಾಝ್ ವಾದಕರು ಇಲ್ಲಿ ಕಂಡುಕೊಂಡ ದಾರಿ ಕಪ್ಪು 1ರ ಮೋಹನ. ಸಿ ಶಾರ್ಪ್ ಸೆವೆಂತ್ ಎಂಬ ಕಾರ್ಡಿನ ಜೀವಸ್ವರಗಳೂ ಇದೇ ಎಫ್ ಮತ್ತು ಬಿ, ಆದುದರಿಂದ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲಬಲ್ಲದು. ಎಡಗೈ ಬಿ ಮತ್ತು ಎಫ್‌ಗಳನ್ನು ಹಿಡಿದಿರಲಿ, ಬಲಗೈ ಸಿ ಶಾರ್ಪ್, ಡಿ ಶಾರ್ಪ್, ಎಫ್, ಜಿ ಶಾರ್ಪ್, ಎ ಶಾರ್ಪ್‌ಗಳಲ್ಲಿ ಓಡಲಿ. ಎಫ್ ಒಂದನ್ನು ಬಿಟ್ಟು ಉಳಿದ ನಾಲ್ಕೂ ಕಾರ್ಡಿಗೆ ಹೊರಗಿನವು. ಆದರೆ ಮುಂದಿನ ಕಾರ್ಡು ಬಂದಾಗ ಅವೆಲ್ಲ ಅರ್ಧ ಸ್ವರ ಸರಿದರೆ ಸಾಕು, ನೆಲೆ ಸಿಗುತ್ತದೆ: ಜಿ ಶಾರ್ಪ್ ಜಿಗೆ ಇಳಿಯುತ್ತದೆ, ಡಿ ಶಾರ್ಪ್ ಇಗೆ ಏರುತ್ತದೆ, ಎ ಶಾರ್ಪ್ ಬಿಗೆ ಸೇರುತ್ತದೆ.

ಮೂರನ್ನೂ ಸಾಲಾಗಿ ಜೋಡಿಸಿದರೆ ಸಿ ಮೋಹನ, ಸಿ ಶಾರ್ಪ್ ಮೋಹನ, ಡಿ ಮೋಹನ. ಕೆಳಗೆ ಕಾರ್ಡುಗಳು ದೊಡ್ಡ ನೆಗೆತಗಳನ್ನು ಹಾಕುತ್ತಿದ್ದರೂ ಮೇಲಿನ ನಮ್ಮ ಷಡ್ಜ ಬಿಳಿ 1, ಕಪ್ಪು 1, ಬಿಳಿ 2 ಎಂದು ಅರ್ಧರ್ಧ ಸ್ವರವಷ್ಟೇ ಮೇಲೇರುತ್ತದೆ. ತಾಳದಲ್ಲಿ ಇದು ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಆದಿತಾಳದ ಲಘುವಿನ ನಾಲ್ಕು ಅಕ್ಷರಗಳಿಗೆ ಡಿ ಮೈನರ್, ಎರಡು ದ್ರುತಗಳಿಗೆ ಜಿ ಸೆವೆಂತ್, ಮುಂದಿನ ಆವರ್ತನದ ಸಮಕ್ಕೆ ಸರಿಯಾಗಿ ಸಿ ಮೇಜರ್. ಅಕ್ಷರಕ್ಕೆರಡು ಸ್ವರಗಳಂತೆ ಹೀಗೆ ನುಡಿಸಿ:

ಸಿ ಷಡ್ಜವಾಗಿ, ಮಂದ್ರ ಧೈವತದಿಂದ ತೊಡಗಿ: ದ ಸ ರಿ ಗ ಪ ಗ ರಿ ಸ
ಸಿ ಶಾರ್ಪ್ ಷಡ್ಜವಾಗಿ: ಸ ರಿ ಗ ಪ ದ ಪ ಗ ರಿ
ಡಿ ಷಡ್ಜವಾಗಿ: ರಿ ಗ ಪ ದ ಪ ಗ ರಿ, ಅಲ್ಲಿಯೇ ನಿಲುಗಡೆ

ಮೊದಲ ಸಾಲಿನ ಕೊನೆಯ ಷಡ್ಜದಿಂದ ಎರಡನೆಯ ಸಾಲಿನ ಮೊದಲ ಷಡ್ಜಕ್ಕೆ ಅರ್ಧ ಸ್ವರ, ಎರಡನೆಯ ಸಾಲಿನ ಕೊನೆಯ ರಿಷಭದಿಂದ ಮೂರನೆಯ ಸಾಲಿನ ರಿಷಭಕ್ಕೆ ಮತ್ತೆ ಅರ್ಧ ಸ್ವರ. ಕೊನೆಗೆ ನಿಂತ ರಿಷಭವೇ ಸಿ ಕಾರ್ಡಿನ ಅಂತರ ಗಾಂಧಾರ. ಷಡ್ಜ ಬದಲಾಗುವಾಗ ಹೊಸ ಮೋಹನವನ್ನು ಷಡ್ಜದಿಂದಲೇ ಆರಂಭಿಸಬೇಕೆಂಬ ಹಟವನ್ನು ಬಿಟ್ಟು, ಕೈಗೆ ಹತ್ತಿರವಿರುವ ಸ್ವರದಿಂದ ಒಳಹೊಗುವುದನ್ನು ಅಭ್ಯಾಸ ಮಾಡಿ. ಹಾಗೆ ಮಾಡದಿದ್ದರೆ ಮೂರು ತುಂಡುಗಳು ಕೇಳಿಸುತ್ತವೆಯೇ ಹೊರತು ಒಂದು ಸಂಚಾರ ಕೇಳಿಸುವುದಿಲ್ಲ. ಕಲ್ಪನಾಸ್ವರ ಹಾಕಿ ಬಲ್ಲವರಿಗೆ ಇದು ಬೇಗ ಒಲಿಯುತ್ತದೆ.

ಸರಿಗಪ ಎಂಬ ನಾಲ್ಕು ಸ್ವರಗಳ ಹಿಡಿಯೊಂದನ್ನೇ ತೆಗೆದುಕೊಂಡು ಸಾಧನೆ ಮಾಡುವುದೂ ಬಹಳ ಫಲ ಕೊಡುತ್ತದೆ. ಕೋಲ್ಟ್ರೇನ್ ಅವರು 1959ರಲ್ಲಿ ಧ್ವನಿಮುದ್ರಿಸಿದ ಜೈಂಟ್ ಸ್ಟೆಪ್ಸ್‌ನ ವಾದನದಲ್ಲಿ, ಬಿರುಸಾಗಿ ಬದಲಾಗುವ ಕಾರ್ಡುಗಳ ಮೇಲೆ ಮತ್ತೆ ಮತ್ತೆ ಬರುವುದು ಆಯಾ ಕಾರ್ಡಿನ ಸರಿಗಪವೇ.

ಗಮಕದ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು. ಮೋಹನದ ಗಾಂಧಾರ ಧೈವತಗಳಿಗೆ ನಾವು ಕೊಡುವ ಓಲಾಟವನ್ನು ಇಲ್ಲಿ ಹಾಗೆಯೇ ತಂದರೆ ಕಾರ್ಡಿನ ಸ್ವರಗಳೊಡನೆ ಅದು ತೊಡಕಿಕೊಳ್ಳುತ್ತದೆ. ವೇಗದ ಓಟಗಳಲ್ಲಿ ಸ್ವರಗಳನ್ನು ನೇರವಾಗಿ ಬಿಡಿ, ನಿಲುಗಡೆಯ ಸ್ವರಕ್ಕೆ ಮಾತ್ರ ಒಂದು ಜಾರು ಅಥವಾ ಕಂಪಿತವನ್ನು ಕೊಡಿ. ಅದನ್ನೂ ಬಿಟ್ಟುಬಿಡಿ ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ನಮ್ಮ ನೆಲದ ನುಡಿಸಾಣಿಕೆಯ ಗುರುತು ಎಲ್ಲಿಯಾದರೂ ಉಳಿಯಬೇಕು.

ಆಲ್ಟೊ ಸ್ಯಾಕ್ಸೋಫೋನ್ ನುಡಿಸುವವರಿಗೆ ಮತ್ತೊಂದು ಲೆಕ್ಕವಿದೆ. ಆ ವಾದ್ಯದಲ್ಲಿ ಸಿ ಎಂದು ಬೆರಳಿಟ್ಟರೆ ಕೇಳುವುದು ಇ ಫ್ಲಾಟ್. ಪಿಯಾನೊದವರ ಸಿ ಹೊರಡಬೇಕಾದರೆ ನೀವು ಎ ಬೆರಳನ್ನು ಇಡಬೇಕು. ಆದುದರಿಂದ ಮೇಲಿನ ಮೂರು ಮೋಹನಗಳು ನಿಮಗೆ ಎ, ಎ ಶಾರ್ಪ್, ಬಿ ಮೋಹನಗಳಾಗುತ್ತವೆ. ಜೊತೆಗಾರರು ಕಾರ್ಡಿನ ಹೆಸರು ಹೇಳಿದಾಗ ಮನಸ್ಸಿನಲ್ಲಿ ಲೆಕ್ಕ ಹಾಕುತ್ತ ಕೂರದಂತೆ ಇದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಇವೆಲ್ಲ ಕೈಗೂಡಿದವರು ಜಿ ಸೆವೆಂತ್ ಮೇಲೆ ಇನ್ನೊಂದನ್ನು ಪ್ರಯತ್ನಿಸಬಹುದು. ಮೋಹನದ ಅಂತರ ಗಾಂಧಾರವನ್ನು ಸಾಧಾರಣ ಗಾಂಧಾರಕ್ಕೆ ಇಳಿಸಿದರೆ ಶಿವರಂಜಿನಿಯಾಗುತ್ತದೆಯಷ್ಟೆ. ಅದರ ಗಾಂಧಾರ ಮತ್ತು ಧೈವತಗಳ ನಡುವಿರುವುದು ಮೋಹನದಲ್ಲಿ ನಮಗೆ ಸಿಗದೇ ಹೋದ ಆ ಅಂತರವೇ. ಜಿ ಶಾರ್ಪ್, ಎಂದರೆ ಕಪ್ಪು 4ನ್ನು ಷಡ್ಜವಾಗಿಸಿ ಶಿವರಂಜಿನಿಯನ್ನು ನುಡಿಸಿದರೆ ಅದರ ಗಾಂಧಾರ ಬಿ ಮೇಲೆ, ಧೈವತ ಎಫ್ ಮೇಲೆ ಬೀಳುತ್ತವೆ. ಹುಡುಗನಿಗೆ ಇದನ್ನು ಹೋದ ವಾರ ತೋರಿಸಿದೆ. ಲಘುವಿನಲ್ಲಿ ಮೋಹನ, ದ್ರುತಗಳಲ್ಲಿ ಶಿವರಂಜಿನಿ, ಸಮಕ್ಕೆ ಮತ್ತೆ ಮೋಹನ ಎಂದು ಹತ್ತಾರು ಬಾರಿ ನುಡಿಸಿದ ಮೇಲೆ ಅವನು ಫೋನಿನ ಹಿನ್ನೆಲೆಯನ್ನು ನಿಲ್ಲಿಸಿ ಒಬ್ಬನೇ ನುಡಿಸಿದ. ಕೆಳಗೆ ಪಿಯಾನೊ ಇಲ್ಲದಿದ್ದರೂ ಕಾರ್ಡು ಬದಲಾಗುವುದು ಅವನ ಸ್ವರಗಳಲ್ಲಿಯೇ ಕೇಳಿಸಿತು.