ಪಾರಿವಾಳ ದಾರಿ ತಪ್ಪಿತೇ? ಸೂರ್ಯನನ್ನು ದೂರುವ ಮುನ್ನ ಹೀಗೆ ಮಾಡಿ

ಬೆಳಿಗ್ಗೆ ಬಿಟ್ಟ ಹೋಮರ್ (ದೂರದಿಂದ ಮನೆಗೆ ಮರಳುವ ತಳಿಯ ಪಾರಿವಾಳ) ಸಂಜೆಯಾದರೂ ಗೂಡಿಗೆ ಮರಳದಿದ್ದರೆ ‘ಇವತ್ತು ಭೂಕಾಂತೀಯ ಬಿರುಗಾಳಿ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಸೂರ್ಯನಿಂದ ಬರುವ ಕಣಗಳ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಕದಲುವುದೇ ಈ ಬಿರುಗಾಳಿ. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಕೀಟನ್ 1971ರಲ್ಲಿ ಪಾರಿವಾಳಗಳಿಗೆ ಪುಟ್ಟ ಅಯಸ್ಕಾಂತ ಅಂಟಿಸಿ ಹಾರಿಬಿಟ್ಟಿದ್ದರು. ಬಿಸಿಲಿದ್ದಾಗ ಅನುಭವಿ ಹಕ್ಕಿಗಳು ಮನೆಯ ದಿಕ್ಕು ಹಿಡಿದವು. ಮೋಡ ಮುಸುಕಿದಾಗ ದಿಕ್ಕುಗೆಟ್ಟವು. ಭೂಕಾಂತಕ್ಷೇತ್ರದ ಸಹಜ ಏರಿಳಿತಕ್ಕೂ ಅವು ಹೊರಡುವ ದಿಕ್ಕಿಗೂ ನಂಟಿದೆ ಎಂದು 1974ರಲ್ಲಿ ಅವರ ತಂಡ ಹೇಳಿತು. ಹೊರಡುವ ದಿಕ್ಕಿಗೆ ಮಾತ್ರ, ನೆನಪಿರಲಿ.

1. ತಡವಾಗಿ ಮರಳಿದ ಹಕ್ಕಿಯನ್ನೇ ಮೊದಲು ಕೈಗೆತ್ತಿಕೊಳ್ಳಿ. ಕತ್ತು ತಿರುಚಿದ್ದರೆ, ಹಿಕ್ಕೆ ನೀರಾಗಿದ್ದರೆ, ಎದೆಮೂಳೆ ಚೂಪಾಗಿ ಕೈಗೆ ತಗುಲಿದರೆ ಪಶುವೈದ್ಯರ ಬಳಿಗೆ ಹೋಗಿ. ಅದಕ್ಕೆ ಸೂರ್ಯ ಹೊಣೆಯಲ್ಲ.

2. ಪುಸ್ತಕವೊಂದನ್ನು ಇಡಿ. ಬಿಟ್ಟ ಹೊತ್ತು, ಮೋಡ, ಗಾಳಿ, ಗಿಡುಗ ಕಂಡಿತೇ, ಹೊರಟ ದಿಕ್ಕು, ಮರಳಿದ ಹೊತ್ತು ಇಷ್ಟನ್ನೂ ಅದೇ ದಿನ ಬರೆಯಿರಿ. ಬಿರುಗಾಳಿಯ ಸುದ್ದಿ ನೋಡುವ ಮುಂಚೆಯೇ ಬರೆಯಬೇಕು. ನೋಡಿದ ಮೇಲೆ ನಮ್ಮ ಕಣ್ಣಿಗೆ ಎಲ್ಲ ಹಕ್ಕಿಗಳೂ ತಡವಾಗಿಯೇ ಬರುತ್ತವೆ!

3. ತಿಂಗಳ ಕೊನೆಗೆ, ಭೂಕಾಂತಕ್ಷೇತ್ರ ಎಷ್ಟು ಕದಲಿತು ಎಂದು ತೋರಿಸುವ ಕೆಪಿ (Kp) ಸೂಚ್ಯಂಕ ತೆರೆಯಿರಿ. ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಸಂಸ್ಥೆ ಮೂರು ಗಂಟೆಗೊಮ್ಮೆ ಕೊಡುವ ಅಂಕಿ ಇದು, 0ಯಿಂದ 9ರವರೆಗೆ. 5 ಮುಟ್ಟಿದರೆ ಬಿರುಗಾಳಿ. 2024ರ ಮೇ 10–11ರಂದು 9 ಮುಟ್ಟಿ, ಲಡಾಖ್‌ನ ಹಾನ್ಲೆಯ ಆಕಾಶವೂ ಧ್ರುವಪ್ರಭೆಯಿಂದ ಕೆಂಪಾಗಿತ್ತು.

ಎಡವುವುದು ಗಡಿಯಾರದಲ್ಲಿ. ಪಟ್ಟಿಯಲ್ಲಿರುವುದು ಜಾಗತಿಕ ಸಮಯ (UTC); ಅದಕ್ಕೆ ಐದೂವರೆ ಗಂಟೆ ಕೂಡಿಸಿ. ಮೊದಲ ಅಂಕಣದ 0–3 ಎಂದರೆ ನಮ್ಮ ಬೆಳಿಗ್ಗೆ 5.30ರಿಂದ 8.30. ಆರೂವರೆಗೆ ಹಾರಿಬಿಟ್ಟ ಹಕ್ಕಿಗೆ ಆ ಅಂಕಣವೇ ಮುಖ್ಯ. ಪೂರ್ತಿ ದಿನದ ಸರಾಸರಿಯಲ್ಲ.

4. ಬಿಸಿಲಿನ ದಿನಗಳನ್ನೂ ಮೋಡದ ದಿನಗಳನ್ನೂ ಬೇರೆ ಮಾಡಿ ಹೋಲಿಸಿ. ಬೆಂಗಳೂರಿನಲ್ಲಿ ಭೂಕಾಂತಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ). ದೊಡ್ಡ ಬಿರುಗಾಳಿಯೂ ಅದನ್ನು ಕದಲಿಸುವುದು ಕೆಲವು ನೂರರಷ್ಟು ಮಾತ್ರ. ಅಷ್ಟು ಸಣ್ಣ ವ್ಯತ್ಯಾಸ ಒಂದೆರಡು ಹಾರಾಟದಲ್ಲಿ ಕಾಣದು; ಹತ್ತಾರು ಹಾರಾಟಗಳ ಲೆಕ್ಕ ಬೇಕು.

ಅಲ್ಲಿಯವರೆಗೆ ನನ್ನ ಸಲಹೆ ಇಷ್ಟೇ: ಕೆಪಿ 5 ಮುಟ್ಟಿದ್ದು, ಮೋಡವೂ ಕವಿದಿದ್ದರೆ ಮರಿಗಳನ್ನು ಅಂದು ದೂರ ಒಯ್ಯಬೇಡಿ. ಹಳೆಯ ಹಕ್ಕಿಗಳನ್ನು ಗೂಡಿನ ಸುತ್ತ ಹಾರಿಸಲು ಅಡ್ಡಿಯಿಲ್ಲ.